ಮಾತ್ರೆಯ ಡಬ್ಬಿ ಮೇಲೆ ಕನ್ನಡದಲ್ಲಿ ಬರೆದಿಡಿ: ವಿಟಮಿನ್, ಖನಿಜದ ಸಪ್ಲಿಮೆಂಟ್ ತಗೊಳ್ಳುವ ಕ್ರಮ

ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದ ಒಂದು ಮೆಡಿಕಲ್‌ನಲ್ಲಿ ಹದಿನಾರು ವರ್ಷದಿಂದ ನಾನು ಫಾರ್ಮಸಿಸ್ಟ್. ಸಂಜೆ ಏಳರ ಮೇಲೆ ಲೋಕಲ್ ರೈಲಿನಿಂದ ಇಳಿದವರು ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಬರುತ್ತಾರೆ. ನಮ್ಮ ಕಡೆಯವರಾದರೆ ಕನ್ನಡದಲ್ಲೇ ಕೇಳುತ್ತಾರೆ. "ಅಕ್ಕ, ತುಂಬಾ ಸುಸ್ತು. ಒಂದು ತಾಕತ್ತಿನ ಮಾತ್ರೆ ಕೊಡಿ." ಏನು ಕಡಿಮೆ ಆಗಿದೆ ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಯಾವುದು ಕಡಿಮೆ ಅಂತ ಗೊತ್ತಿಲ್ಲದೆ ಯಾವುದನ್ನು ಕೊಡಲಿ?

ಈ ಲೇಖನ ಬರೆಯುವುದಕ್ಕೆ ಇನ್ನೊಂದು ಕಾರಣ ನಮ್ಮತ್ತೆ. ಅವರಿಗೆ ಮೊಣಕಾಲು ನೋವು. ಡಾಕ್ಟರು ವಿಟಮಿನ್ ಡಿ ಪುಡಿಯ ಸ್ಯಾಷೆ ಬರೆದರು. 60,000 ಯೂನಿಟ್‌ದು, ವಾರಕ್ಕೊಂದರಂತೆ 8 ವಾರ. ಅತ್ತೆ ಅದೇ ಸಮಯಕ್ಕೆ ಕುಂದಾಪುರಕ್ಕೆ ಹೋದರು. ಚೀಟಿಯೂ ಜೊತೆಗೆ ಹೋಯಿತು. ಅದರಲ್ಲಿ ಬರೆದಿದ್ದು ಇಂಗ್ಲಿಷಿನಲ್ಲಿ. ಅತ್ತೆ ದಿನಕ್ಕೊಂದು ಸ್ಯಾಷೆ ಹಾಲಿಗೆ ಹಾಕಿಕೊಂಡು ಎರಡೂವರೆ ತಿಂಗಳು ಕುಡಿದರು. ಮುಗಿದಾಗಲೆಲ್ಲ ಅದೇ ಚೀಟಿ ತೋರಿಸಿ ಮತ್ತೆ ತಂದರು. ವಾಪಸು ಬರುವಷ್ಟರಲ್ಲಿ ಊಟ ಸೇರುತ್ತಿರಲಿಲ್ಲ, ವಾಂತಿ, ಮಲಬದ್ಧತೆ, ಎಷ್ಟು ನೀರು ಕುಡಿದರೂ ತೀರದ ಬಾಯಾರಿಕೆ. ಒಂದು ಬೆಳಿಗ್ಗೆ ನನ್ನ ಹೆಸರೇ ನೆನಪಿಗೆ ಬರಲಿಲ್ಲ. ರಕ್ತದಲ್ಲಿ ಕ್ಯಾಲ್ಸಿಯಂ ವಿಪರೀತ ಏರಿತ್ತು, ಕಿಡ್ನಿಗೂ ಏಟು ಬಿದ್ದಿತ್ತು. ಎಂಟು ದಿನ ಆಸ್ಪತ್ರೆಯಲ್ಲಿ ಸಲೈನ್. ಮನೆಯಲ್ಲೇ ಫಾರ್ಮಸಿಸ್ಟ್ ಇದ್ದೂ ಹೀಗಾಯಿತು. ಹೊರಡುವಾಗ ಆ ಡಬ್ಬಿಯ ಮೇಲೆ "ಭಾನುವಾರ ಮಾತ್ರ" ಅಂತ ಕನ್ನಡದಲ್ಲಿ ಎರಡು ಶಬ್ದ ಬರೆದುಕೊಡಬೇಕಿತ್ತು. ನಾನು ಬರೆಯಲಿಲ್ಲ.

ವಿಟಮಿನ್ ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಲವರಿಗೆ ಅದು ಬೇಕೇ ಬೇಕು. ಆದರೆ ಪ್ರತಿ ಮಾತ್ರೆಗೂ ಒಂದು ಕಾರಣ, ಒಂದು ಹೊತ್ತು, ಒಂದು ಕೊನೆಯ ದಿನ ಇರಬೇಕು. ಆ ಮೂರನ್ನೂ ಕಂಡುಕೊಳ್ಳುವ ಕ್ರಮ ಹೀಗಿದೆ.

ಒಂದನೇ ಹೆಜ್ಜೆ: ಎಲ್ಲ ಡಬ್ಬಿಗಳನ್ನೂ ಮೇಜಿನ ಮೇಲೆ ತನ್ನಿ

ಫ್ರಿಜ್ಜಿನ ಮೇಲಿರುವುದು, ಆಫೀಸಿನ ಬ್ಯಾಗಿನಲ್ಲಿರುವುದು, ಮಕ್ಕಳ ಗಮ್ಮಿ, ಕೂದಲಿಗೆ ಅಂತ ತಂದದ್ದು, ಪ್ರೊಟೀನ್ ಪುಡಿ, ಟಾನಿಕ್, ಎಲ್ಲ. ಒಂದು ಹಾಳೆಯಲ್ಲಿ ಹೆಸರು ಬರೆಯಿರಿ. ಪಕ್ಕದಲ್ಲಿ ಯಾರು ಹೇಳಿದ್ದು, ಯಾವಾಗಿನಿಂದ ತಗೊಳ್ಳುತ್ತಿದ್ದೀರಿ ಅಂತ ಬರೆಯಿರಿ. ಕೆಳಗೆ ದಿನವೂ ತಗೊಳ್ಳುವ ಔಷಧಿಗಳನ್ನೂ ಸೇರಿಸಿ: ಶುಗರ್, ಬಿಪಿ, ಥೈರಾಯ್ಡ್, ಆಸಿಡಿಟಿ. ಇವಕ್ಕೂ ವಿಟಮಿನ್‌ಗಳಿಗೂ ಸಂಬಂಧ ಇದೆ, ಮುಂದೆ ಹೇಳುತ್ತೇನೆ.

ಈಗ ಲೇಬಲ್ ಓದಿ. ಒಂದೇ ವಿಟಮಿನ್ ಮೂರು ಕಡೆ ಇರುವುದು ಕಾಣಿಸುತ್ತದೆ. ಕ್ಯಾಲ್ಸಿಯಂ ಮಾತ್ರೆಯಲ್ಲಿ ಸಾಮಾನ್ಯವಾಗಿ ಡಿ ಸೇರಿರುತ್ತದೆ. ಮಲ್ಟಿವಿಟಮಿನ್‌ನಲ್ಲಿ ಇರುತ್ತದೆ. ಹಾಲಿಗೆ ಹಾಕುವ ಪುಡಿಯಲ್ಲೂ ಇರುತ್ತದೆ. ಅದರ ಮೇಲೆ ವಾರದ ಸ್ಯಾಷೆ ಬೇರೆ. ಎಲ್ಲವನ್ನೂ ಕೂಡಿಸಿ ನೋಡಬೇಕು. ದೊಡ್ಡವರಿಗೆ ದಿನಕ್ಕೆ ಬೇಕಾದ ಡಿ 600 ಯೂನಿಟ್. ಅಂದರೆ ಒಂದು 60,000ದ ಸ್ಯಾಷೆ ನೂರು ದಿನದ ಲೆಕ್ಕ! ಡಾಕ್ಟರ ಸಲಹೆ ಇಲ್ಲದೆ ದಿನಕ್ಕೆ 4,000 ಯೂನಿಟ್ ದಾಟಬಾರದು. ಕೆಲವು ಲೇಬಲ್‌ಗಳಲ್ಲಿ ಡಿ ಯನ್ನು ಮೈಕ್ರೋಗ್ರಾಂನಲ್ಲಿ ಬರೆದಿರುತ್ತಾರೆ. 1 ಮೈಕ್ರೋಗ್ರಾಂ ಅಂದರೆ 40 ಯೂನಿಟ್. ಹಾಗಾಗಿ 25 ಮೈಕ್ರೋಗ್ರಾಂ ಅಂತ ಇದ್ದರೆ ಅದು 1,000 ಯೂನಿಟ್.

ಕ್ಯಾಲ್ಸಿಯಂ ವಿಷಯದಲ್ಲಿ ಇನ್ನೊಂದು ಗೊಂದಲ ಇದೆ. ದೊಡ್ಡ ಅಕ್ಷರದಲ್ಲಿ "ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿಲಿಗ್ರಾಂ" ಅಂತ ಇರುತ್ತದೆ. ಅಷ್ಟೂ ಕ್ಯಾಲ್ಸಿಯಂ ಅಲ್ಲ. ಕಾರ್ಬೊನೇಟ್‌ನಲ್ಲಿ ನೂರಕ್ಕೆ 40 ಭಾಗ ಮಾತ್ರ ಕ್ಯಾಲ್ಸಿಯಂ. ಅಲ್ಲೇ ಕೆಳಗೆ ಸಣ್ಣದಾಗಿ "ಎಲಿಮೆಂಟಲ್ ಕ್ಯಾಲ್ಸಿಯಂ 500 ಮಿಲಿಗ್ರಾಂ" ಅಂತ ಇರುತ್ತದೆ. ನೀವು ನೋಡಬೇಕಾದದ್ದು ಆ ಸಾಲು. ಕಬ್ಬಿಣದ ಮಾತ್ರೆಯಲ್ಲೂ ಹಾಗೇ, "ಎಲಿಮೆಂಟಲ್ ಐರನ್" ಎಷ್ಟು ಅಂತ ನೋಡಿ.

ಡಬ್ಬಿಯ ಮೇಲೆ "ಹೆಲ್ತ್ ಸಪ್ಲಿಮೆಂಟ್", "ನಾಟ್ ಫಾರ್ ಮೆಡಿಸಿನಲ್ ಯೂಸ್" ಅಂತ ಅಚ್ಚಾಗಿದ್ದರೆ ಅದು ಕಾನೂನಿನ ಲೆಕ್ಕದಲ್ಲಿ ಆಹಾರ, ಔಷಧಿ ಅಲ್ಲ. ಅದಕ್ಕೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇರಲೇಬೇಕು. ಆ ನಂಬರ್ ಇಲ್ಲದ ಡಬ್ಬಿಯನ್ನು ಜಿಮ್‌ನಲ್ಲಿ ಕೊಡಲಿ, ಸಂಬಂಧಿಕರು ಕೊಡಲಿ, ಬಾಯಿಗೆ ಹಾಕಬೇಡಿ.

ಎರಡನೇ ಹೆಜ್ಜೆ: ಮೂರು ದಿನದ ಊಟ, ಮೂರು ದಿನದ ಬಿಸಿಲು ಬರೆಯಿರಿ

ಎರಡು ಕೆಲಸದ ದಿನ, ಒಂದು ಭಾನುವಾರ. ಬಾಯಿಗೆ ಹೋದದ್ದನ್ನೆಲ್ಲ ಬರೆಯಿರಿ. ಚಹಾ ಎಷ್ಟು ಸಲ ಅಂತಲೂ ಬರೆಯಿರಿ. ಬರೆದ ಮೇಲೆ ಐದು ಪ್ರಶ್ನೆ ಕೇಳಿಕೊಳ್ಳಿ. ದಿನಕ್ಕೆ ಎರಡು ಲೋಟದಷ್ಟು ಹಾಲು, ಮೊಸರು, ಮಜ್ಜಿಗೆ ಆಯಿತಾ? ಬೇಳೆ ಕಾಳು ಎರಡು ಹೊತ್ತೂ ಇತ್ತಾ? ಸೊಪ್ಪು ಇತ್ತಾ? ಒಂದಾದರೂ ಹಸಿ ಹಣ್ಣು ತಿಂದಿರಾ? ಮೊಟ್ಟೆ, ಮೀನು ತಿನ್ನುವವರಾದರೆ ವಾರಕ್ಕೆ ಎಷ್ಟು ಸಲ?

ಮುಂಬೈಗೆ ಹೊಸದಾಗಿ ಬಂದವರು ನನಗೆ ಹೇಳುವ ಮಾತು ಒಂದೇ: "ಇಲ್ಲಿ ನಮ್ಮ ಸೊಪ್ಪು ಸಿಗುವುದಿಲ್ಲ." ಎಲ್ಲ ಸಿಗುತ್ತದೆ, ಹೆಸರು ಬೇರೆ ಅಷ್ಟೆ. ಬಸಳೆಗೆ ಮಾಯಾಳು ಅಂತ ಕೇಳಿ. ಕೆಂಪು ಹರಿವೆಗೆ ಲಾಲ್ ಮಾಠ. ನುಗ್ಗೆ ಇಲ್ಲಿ ಶೇವಗಾ, ಅದರ ಸೊಪ್ಪನ್ನೂ ಕೇಳಿದರೆ ಮಾರುಕಟ್ಟೆಯ ಮೌಶಿಯರು ಮರುದಿನ ತಂದುಕೊಡುತ್ತಾರೆ. ರಾಗಿ ಅಂದರೆ ನಾಚಣಿ, ಹುರುಳಿ ಅಂದರೆ ಕುಳೀಥ, ನೆಲ್ಲಿಕಾಯಿ ಆವಳಾ, ಪೇರಳೆ ಪೇರು. ಬಂಗುಡೆಗೆ ಬಾಂಗಡಾ, ಬೂತಾಯಿಗೆ ತಾರಲಿ. ಕುಚ್ಚಲಕ್ಕಿ ಬೇಕಾದರೆ ಮಾಟುಂಗಾದ ಅಂಗಡಿಗಳಿಗೆ ಹೋಗಿ. ಭತ್ತವನ್ನು ಕುದಿಸಿ ಒಣಗಿಸಿ ಅಕ್ಕಿ ಮಾಡುವಾಗ ಹೊಟ್ಟಿನ ಬಿ ವಿಟಮಿನ್ ಕಾಳಿನೊಳಗೆ ಇಳಿಯುತ್ತದೆ. ಪಾಲಿಶ್ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅದು ಹೊರಟುಹೋಗಿರುತ್ತದೆ.

ಊಟದಿಂದ ಎಷ್ಟು ತುಂಬುತ್ತದೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ದೊಡ್ಡವರಿಗೆ ದಿನಕ್ಕೆ ಕ್ಯಾಲ್ಸಿಯಂ ಬೇಕಾದದ್ದು 1,000 ಮಿಲಿಗ್ರಾಂ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ. 200 ಮಿಲಿ ಹಾಲಿನಲ್ಲಿ ಸುಮಾರು 240. ಬೆಳಿಗ್ಗೆ 50 ಗ್ರಾಂ ರಾಗಿಯ ದೋಸೆ ಅಥವಾ ಅಂಬಲಿ, ದಿನದಲ್ಲಿ ಎರಡು ಲೋಟ ಹಾಲು ಮೊಸರು, ಒಂದು ಚಮಚ ಎಳ್ಳಿನ ಚಟ್ನಿಪುಡಿ, ಒಂದು ಸೊಪ್ಪಿನ ಪಲ್ಯ. ಇಷ್ಟು ಇದ್ದರೆ ಸಾವಿರದ ಹತ್ತಿರ ಬಂದಾಯಿತು. ಹೀಗೆ ಉಣ್ಣುವವರು ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಯಾಕೆ ನುಂಗಬೇಕು? ಕಿಡ್ನಿ ಕಲ್ಲು ಆಗಿದ್ದವರಂತೂ ಕ್ಯಾಲ್ಸಿಯಂ ಊಟದಿಂದ ಬರುವ ಹಾಗೆ ನೋಡಿಕೊಳ್ಳಬೇಕು.

ಕಬ್ಬಿಣದ ವಿಷಯದಲ್ಲಿ ಮನೆಮಾತುಗಳು ಜಾಸ್ತಿ. ಬೀಟ್‌ರೂಟ್ ಕೆಂಪಗಿದೆ, ರಕ್ತ ಬರುತ್ತದೆ ಅನ್ನುತ್ತಾರೆ. 100 ಗ್ರಾಂ ಬೀಟ್‌ರೂಟ್‌ನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ ಬೇಕಾದದ್ದು 29 ಮಿಲಿಗ್ರಾಂ. ಹುರುಳಿ ಸಾರು, ಕಡಲೆ, ಸೊಪ್ಪು, ಎಳ್ಳು, ಮೀನು, ಮೊಟ್ಟೆ, ಮಾಂಸ, ಇವು ಕೆಲಸಕ್ಕೆ ಬರುತ್ತವೆ. ಸಸ್ಯದ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುವುದಿಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಸೇರುತ್ತದೆ. ಅದಕ್ಕೇ ಸಾರು ಒಲೆಯಿಂದ ಇಳಿಸಿದ ಮೇಲೆ ನಿಂಬೆ ಹಿಂಡಿ. ಕುದಿಯುವಾಗ ಹಿಂಡಿದರೆ ವಿಟಮಿನ್ ಸಿ ಹಾಳಾಗುತ್ತದೆ. ಊಟದ ಜೊತೆ ಒಂದು ಪೇರಳೆ ಹೋಳು ಮಾಡಿ ಇಟ್ಟುಕೊಳ್ಳಿ. ಒಂದು ಪೇರಳೆ ತಿಂದರೆ ಆ ದಿನದ ವಿಟಮಿನ್ ಸಿ ಮುಗಿಯಿತು, ಚೀಪುವ ಸಿ ಮಾತ್ರೆ ಬೇಡ. ಊಟ ಆದ ತಕ್ಷಣ ಚಹಾ ಕುಡಿಯುವ ಅಭ್ಯಾಸ ಬಿಡಿ. ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಗಂಟೆ ಅಂತರ ಸಾಕು.

ಹೋಟೆಲಿನಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರ ಹಾಳೆ ನೋಡಿದರೆ ನನಗೆ ಸಂಕಟ ಆಗುತ್ತದೆ. ನಸುಕಿಗೆ ಏಳುತ್ತಾರೆ, ಗಿರಾಕಿ ಮುಗಿದ ಮೇಲೆ ಉಣ್ಣುತ್ತಾರೆ. ಅನ್ನ, ಸಾಂಬಾರು, ಎಂಟು ಸಲ ಚಹಾ. ಬಿಸಿಲು ಬೀಳುವುದೇ ಇಲ್ಲ. ಅವರು ಬಂದು ದುಬಾರಿ ಮಲ್ಟಿವಿಟಮಿನ್ ಕೇಳುತ್ತಾರೆ. ನಾನು ಹೇಳುವುದು ಹೀಗೆ: ಆ ದುಡ್ಡಿನಲ್ಲಿ ದಿನಕ್ಕೆ ಎರಡು ಬೇಯಿಸಿದ ಮೊಟ್ಟೆ, ಒಂದು ಹಣ್ಣು, ಒಂದು ಹಿಡಿ ನೆಲಗಡಲೆ. ಮೊಟ್ಟೆ ಬೇಡ ಅನ್ನುವವರಿಗೆ ಎರಡು ಬಟ್ಟಲು ಮೊಸರು. ಎರಡು ತಿಂಗಳು ಮಾಡಿ ನೋಡಿ, ಆಮೇಲೆ ಬನ್ನಿ ಅನ್ನುತ್ತೇನೆ.

ಇನ್ನು ಬಿಸಿಲು. ಮುಂಬೈಯಲ್ಲಿ ಬಿಸಿಲಿಗೆ ಬರ ಇಲ್ಲ, ನಮ್ಮ ಮೈಮೇಲೆ ಬೀಳುವುದಕ್ಕೆ ಬರ. ಬೆಳಿಗ್ಗೆ ಏಳರ ಲೋಕಲ್, ಇಡೀ ದಿನ ಎಸಿ, ರಾತ್ರಿ ವಾಪಸು. ಮನೆಯ ಕಿಟಕಿಗೆ ಎದುರಿನ ಕಟ್ಟಡವೇ ಅಡ್ಡ. ಗಾಜಿನ ಒಳಗಿಂದ ಬರುವ ಬಿಸಿಲಿನಿಂದ ವಿಟಮಿನ್ ಡಿ ಆಗುವುದಿಲ್ಲ, ಅದಕ್ಕೆ ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಮುಂಜಾನೆಯ ಎಳೆಬಿಸಿಲೂ ಇದಕ್ಕೆ ಅಷ್ಟು ಉಪಯೋಗ ಇಲ್ಲ. ಒಂದು ಸುಲಭ ಗುರುತು ಇದೆ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲು ಕೆಲಸದ ಬಿಸಿಲು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ತೋಳು ಮಡಚಿ ಅರ್ಧ ಗಂಟೆಯೊಳಗಿನ ನಡಿಗೆ, ಅಥವಾ ರಜೆಯ ದಿನ ಸೊಸೈಟಿಯ ಟೆರೇಸ್. ಬಣ್ಣ ಕಪ್ಪಿದ್ದಷ್ಟೂ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ, ಆಗ ಏನೂ ಮಾಡಲಿಕ್ಕೆ ಆಗುವುದಿಲ್ಲ. ಊಟದಿಂದ ಡಿ ಸಿಗುವುದು ಕಡಿಮೆ. ಬಂಗುಡೆ, ಬೂತಾಯಿಯಂಥ ಎಣ್ಣೆಮೀನು, ಮೊಟ್ಟೆಯ ಹಳದಿ, ಅಷ್ಟೆ. ಅದರಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಆಮೇಲೆ ಶ್ರಾವಣ. ಹಾಗಾಗಿ ಮಳೆಗಾಲದಲ್ಲಿ ಕೆಲವರಿಗೆ ಸಣ್ಣ ಪ್ರಮಾಣದ ಡಿ ಮಾತ್ರೆ ಬೇಕಾಗಬಹುದು.

ಮೂರನೇ ಹೆಜ್ಜೆ: ನೀವು ಯಾವ ಗುಂಪಿನವರು ನೋಡಿಕೊಳ್ಳಿ

ಒಳ್ಳೆ ಊಟ ಮಾಡಿದರೂ ಕೆಲವರಿಗೆ ಮಾತ್ರೆ ಬೇಕೇ ಬೇಕು. ಮಗು ಬೇಕು ಅಂತ ಯೋಚಿಸುತ್ತಿರುವ ಹೆಂಗಸರು ಮೊದಲನೆಯವರು. ಮಗುವಿನ ಬೆನ್ನುಹುರಿಯ ನಾಳ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಎಷ್ಟೋ ಸಲ ಗರ್ಭಿಣಿ ಅಂತ ಗೊತ್ತಾಗುವುದೇ ಅದಾದ ಮೇಲೆ. ಅದಕ್ಕೇ ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ದಿನವೂ, ಗರ್ಭ ನಿಲ್ಲುವ ಕನಿಷ್ಠ ಒಂದು ತಿಂಗಳ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ. ಆಮೇಲೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುವ ಕೆಂಪು ಮಾತ್ರೆ 180 ದಿನ. ಇದನ್ನು ಸರ್ಕಾರಿ ಮತ್ತು ಪಾಲಿಕೆಯ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ದಯವಿಟ್ಟು ತಪ್ಪಿಸಬೇಡಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ.

ಎರಡನೆಯವರು ಮೀನು, ಮೊಟ್ಟೆ, ಮಾಂಸ ಮುಟ್ಟದವರು, ಅದರಲ್ಲೂ ಹಾಲು ಮೊಸರು ಕಡಿಮೆ ಇರುವವರು. ಬಿ12 ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಖಚಿತವಾಗಿ ಸಿಗುತ್ತದೆ. ಇಡ್ಲಿ ಹಿಟ್ಟು ಹುಳಿ ಬಂದರೆ ಬಿ12 ಬರುತ್ತದೆ, ಸ್ಪಿರುಲಿನಾದಲ್ಲಿ ಇದೆ ಅನ್ನುವುದನ್ನು ನೆಚ್ಚಿಕೊಳ್ಳಬೇಡಿ. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂ ಚಿಲ್ಲರೆ. ಒಂದು ಬಂಗುಡೆಯಲ್ಲಿ ಅದಕ್ಕಿಂತ ಜಾಸ್ತಿ ಇದೆ. ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಯೇ ದಾರಿ. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ಕೂಡಿರುತ್ತದೆ. ಆದ್ದರಿಂದ ಕೊರತೆ ಮೆಲ್ಲಗೆ ಬರುತ್ತದೆ: ಪಾದ ಜುಮ್ಮೆನ್ನುವುದು, ನಾಲಗೆ ಕೆಂಪಾಗಿ ಉರಿಯುವುದು, ಮರೆವು, ನಡೆಯುವಾಗ ತೂರಾಡುವುದು.

ಮೂರನೆಯವರು ಕೆಲವು ಔಷಧಿ ವರ್ಷಗಟ್ಟಲೆ ತಗೊಳ್ಳುವವರು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಬಿ12 ಅನ್ನು ಕಡಿಮೆ ಮಾಡುತ್ತದೆ. ಶುಗರ್‌ನವರಿಗೆ ಪಾದ ಜುಮ್ಮೆಂದರೆ ಎಲ್ಲರೂ ಶುಗರ್‌ನಿಂದ ಅಂದುಕೊಳ್ಳುತ್ತಾರೆ. ಬಿ12 ಕೂಡ ನೋಡಿಸಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಸಿಡಿಟಿ ಮಾತ್ರೆಗಳನ್ನು ನಮ್ಮ ಜನ ಬೆಳಗಿನ ಚಹಾದ ಹಾಗೆ ದಿನವೂ ತಗೊಳ್ಳುತ್ತಾರೆ. ಅವುಗಳಿಂದ ಬಿ12, ಮೆಗ್ನೀಸಿಯಂ ಎರಡೂ ಇಳಿಯಬಹುದು. ಇಂಥವರಿಗೆ ಕ್ಯಾಲ್ಸಿಯಂ ಬೇಕಾದರೆ ಕಾರ್ಬೊನೇಟ್‌ಗಿಂತ ಸಿಟ್ರೇಟ್ ಒಳ್ಳೆಯದು. ಕಾರ್ಬೊನೇಟ್ ಕರಗಲಿಕ್ಕೆ ಹೊಟ್ಟೆಯ ಆಮ್ಲ ಬೇಕು.

ಮನೆಯಿಂದ ಹೊರಗೆ ಹೋಗಲಾಗದ ಹಿರಿಯರು, ಹೊಟ್ಟೆ ಅಥವಾ ಕರುಳಿನ ಆಪರೇಷನ್ ಆದವರು, ಮುಟ್ಟಿನಲ್ಲಿ ಜಾಸ್ತಿ ಹೋಗುವವರು, ಇವರೂ ಈ ಸಾಲಿನಲ್ಲಿ ಬರುತ್ತಾರೆ. ಉಳಿದವರು, ಅಂದರೆ ಊಟ ಸರಿ ಇದ್ದು ಬೇರೆ ತೊಂದರೆ ಇಲ್ಲದವರು, ಸುಮ್ನೆ ಮಲ್ಟಿವಿಟಮಿನ್ ತಗೊಂಡರೆ ಸಿಗುವ ಲಾಭ ತೀರಾ ಕಡಿಮೆ. ನಾನೇ ಮಾರುವವಳು, ಆದರೂ ಇದನ್ನು ಕೌಂಟರಿನಲ್ಲಿ ನಿಂತೇ ಹೇಳುತ್ತೇನೆ.

ನಾಲ್ಕನೇ ಹೆಜ್ಜೆ: ಮಾತ್ರೆಗಿಂತ ಮೊದಲು ಟೆಸ್ಟ್

ಕಬ್ಬಿಣ, ಬಿ12 ಕಡಿಮೆ ಅಂತ ಅನುಮಾನ ಇದ್ದರೆ ಮಾತ್ರೆ ಶುರು ಮಾಡುವ ಮೊದಲೇ ರಕ್ತ ಕೊಡಿ. ಬಿ12 ಇಂಜೆಕ್ಷನ್ ಚುಚ್ಚಿಸಿಕೊಂಡು ಆಮೇಲೆ ಟೆಸ್ಟ್ ಮಾಡಿಸಿದರೆ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ.

ಹಿಮೋಗ್ಲೋಬಿನ್ ಹೆಂಗಸರಿಗೆ 12, ಗಂಡಸರಿಗೆ 13, ಗರ್ಭಿಣಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಆದರೆ ಅದೊಂದೇ ಸಾಲದು. ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವುದು ಫೆರಿಟಿನ್. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ, ಆಗ ಮಾಡಿಸಬೇಡಿ. ತಂದೆ ತಾಯಿಯಿಂದ ಬರುವ ರಕ್ತದ ದೋಷವಾದ ಥಲಸೇಮಿಯಾ ಮೈನರ್ ಇದ್ದವರ ರಿಪೋರ್ಟ್ ನೋಡಲಿಕ್ಕೆ ಕಬ್ಬಿಣದ ಕೊರತೆಯ ಹಾಗೇ ಇರುತ್ತದೆ, ಆದರೆ ಕಬ್ಬಿಣ ಸಾಕಷ್ಟಿರುತ್ತದೆ. ಅವರಿಗೆ ವರ್ಷಗಟ್ಟಲೆ ಕಬ್ಬಿಣ ಕೊಟ್ಟರೆ ತೊಂದರೆಯೇ. ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಡಿಮೆ ಬಂದರೆ ಮಾತ್ರೆ ತಗೊಂಡು ಸುಮ್ಮನಾಗಬೇಡಿ. ಹೊಟ್ಟೆಯಲ್ಲೋ ಕರುಳಿನಲ್ಲೋ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ಡಾಕ್ಟರು ನೋಡಲೇಬೇಕು.

ವಿಟಮಿನ್ ಡಿ ಟೆಸ್ಟ್ ಎಲ್ಲರಿಗೂ ಬೇಕಾಗಿಲ್ಲ. ಮೂಳೆ ನೋವು, ಮೂಳೆ ಸವೆತ, ಕಿಡ್ನಿ ತೊಂದರೆ ಇದ್ದವರಿಗೆ ಡಾಕ್ಟರು ಹೇಳುತ್ತಾರೆ. ಪ್ಯಾಕೇಜ್‌ನಲ್ಲಿ ಬಂತು ಅಂತ ಆರೋಗ್ಯವಂತರು ವರ್ಷ ವರ್ಷ ಮಾಡಿಸುವ ಅಗತ್ಯ ಇಲ್ಲ. ಮತ್ತೆ, ಸುಸ್ತಿಗೆ ಕಾರಣ ಥೈರಾಯ್ಡ್ ಇರಬಹುದು, ಶುಗರ್ ಇರಬಹುದು, ನಿದ್ದೆ ಕಡಿಮೆ ಇರಬಹುದು. ದಿನಕ್ಕೆ ನಾಲ್ಕು ಗಂಟೆ ಲೋಕಲ್‌ನಲ್ಲಿ ನಿಂತುಕೊಂಡು ಹೋಗಿ ಬರುವವರ ಸುಸ್ತಿಗೆ ನನ್ನ ಅಂಗಡಿಯಲ್ಲಿ ಮಾತ್ರೆ ಇಲ್ಲ.

ಐದನೇ ಹೆಜ್ಜೆ: ಹೊತ್ತು ಹೊಂದಿಸಿ

ಜನ ಜಾಸ್ತಿ ತಪ್ಪುವುದು ಇಲ್ಲೇ. ಎಲ್ಲ ಮಾತ್ರೆಗಳನ್ನೂ ಅಂಗೈಯಲ್ಲಿ ಹಾಕಿಕೊಂಡು ಬೆಳಿಗ್ಗೆ ಚಹಾದ ಜೊತೆ ಒಂದೇ ಸಲ ನುಂಗುತ್ತಾರೆ. ಹಾಗೆ ಮಾಡಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ, ಚಹಾವೂ ಕಬ್ಬಿಣವನ್ನು ತಡೆಯುತ್ತದೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ಸೇರಿ ಥೈರಾಯ್ಡ್ ಮಾತ್ರೆಯನ್ನು ತಡೆಯುತ್ತವೆ. ತಿಂಗಳುಗಟ್ಟಲೆ ನುಂಗಿದರೂ ರಿಪೋರ್ಟ್ ಅಲ್ಲೇ ನಿಂತಿರುತ್ತದೆ.

ಥೈರಾಯ್ಡ್, ಕಬ್ಬಿಣ, ಕ್ಯಾಲ್ಸಿಯಂ, ಡಿ ನಾಲ್ಕೂ ಇರುವ ಒಬ್ಬ ಅಕ್ಕನಿಗೆ ನಾನು ಬರೆದುಕೊಟ್ಟ ಹೊತ್ತು ಹೀಗಿತ್ತು. ಬೆಳಿಗ್ಗೆ 6ಕ್ಕೆ ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಬರೀ ನೀರಿನ ಜೊತೆ. 7ಕ್ಕೆ ಚಹಾ, ತಿಂಡಿ. 11ಕ್ಕೆ ಆಫೀಸಿನಲ್ಲಿ ಕಬ್ಬಿಣದ ಮಾತ್ರೆ, ನಿಂಬೆ ನೀರು ಅಥವಾ ಪೇರಳೆಯ ಜೊತೆ. ಅದಕ್ಕಿಂತ ಒಂದು ಗಂಟೆ ಮೊದಲು, ಒಂದು ಗಂಟೆ ನಂತರ ಚಹಾ ಕಾಫಿ ಇಲ್ಲ. 1:30ಕ್ಕೆ ಊಟ ಆದ ಮೇಲೆ ಕ್ಯಾಲ್ಸಿಯಂ. ಡಿ ಮಾತ್ರ ಭಾನುವಾರ, ಮೀನಿನ ಸಾರು ಅಥವಾ ತುಪ್ಪ ಇರುವ ಊಟದ ಜೊತೆ. ಡಿ ಕೊಬ್ಬಿನಲ್ಲಿ ಕರಗುವ ವಿಟಮಿನ್, ಬರೀ ಹೊಟ್ಟೆಯಲ್ಲಿ ಸರಿಯಾಗಿ ಹೀರುವುದಿಲ್ಲ.

ಇದರ ಹಿಂದಿನ ಲೆಕ್ಕ ನೆನಪಿಟ್ಟುಕೊಂಡರೆ ನಿಮ್ಮ ದಿನಕ್ಕೆ ನೀವೇ ಹೊಂದಿಸಿಕೊಳ್ಳಬಹುದು. ಥೈರಾಯ್ಡ್ ಮಾತ್ರೆಗೂ ಕಬ್ಬಿಣ ಕ್ಯಾಲ್ಸಿಯಂಗೂ 4 ಗಂಟೆ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ 2 ಗಂಟೆ. ಕ್ಯಾಲ್ಸಿಯಂ ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬಾರದು, ಅದಕ್ಕಿಂತ ಜಾಸ್ತಿ ಒಟ್ಟಿಗೆ ತಗೊಂಡರೆ ದೇಹ ಅಷ್ಟನ್ನೂ ಹಿಡಿದುಕೊಳ್ಳುವುದಿಲ್ಲ. ಕಾರ್ಬೊನೇಟ್ ಊಟದ ಜೊತೆ, ಸಿಟ್ರೇಟ್ ಯಾವಾಗ ಬೇಕಾದರೂ. ಬಿ12 ಯಾವ ಹೊತ್ತಿಗಾದರೂ ನಡೆಯುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಆಂಟಿಬಯಾಟಿಕ್ ಶುರುವಾದರೆ ಆ ಕೆಲವು ದಿನ ಕಬ್ಬಿಣ, ಕ್ಯಾಲ್ಸಿಯಂ, ಜಿಂಕ್ ಬಗ್ಗೆ ಫಾರ್ಮಸಿಸ್ಟ್‌ನ್ನು ಕೇಳಿ.

ಕಬ್ಬಿಣದ ಮಾತ್ರೆ ತಗೊಂಡಾಗ ಮಲ ಕಪ್ಪಾಗುತ್ತದೆ. ಹೆದರಬೇಡಿ. ಹೊಟ್ಟೆ ತೊಳಸಿದರೆ ಸ್ವಲ್ಪ ಊಟದ ಜೊತೆ ತಗೊಳ್ಳಿ. ಆಗಲೂ ತಡೆಯದಿದ್ದರೆ ದಿನ ಬಿಟ್ಟು ದಿನ ತಗೊಳ್ಳಬಹುದಾ ಅಂತ ಡಾಕ್ಟರನ್ನು ಕೇಳಿ. ಕಬ್ಬಿಣ ಒಳಗೆ ಹೋದ ಮೇಲೆ ದೇಹ ಒಂದು ದಿನ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಮರುದಿನ ಬಿಟ್ಟು ಕೊಟ್ಟರೆ ಪ್ರತಿ ಮಾತ್ರೆಯಿಂದ ಜಾಸ್ತಿ ಭಾಗ ಸೇರುತ್ತದೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಅರ್ಧಕ್ಕೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ಆರನೇ ಹೆಜ್ಜೆ: ಯಾವಾಗ ನಿಲ್ಲಿಸುವುದು

ಶುರು ಮಾಡುವ ದಿನವೇ ನಿಲ್ಲಿಸುವ ದಿನವನ್ನೂ ಕೇಳಿಕೊಳ್ಳಿ. ಕಬ್ಬಿಣ ಸರಿಯಾಗಿ ಹೋಗುತ್ತಿದ್ದರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 1 ಗ್ರಾಂ ಆದರೂ ಏರಬೇಕು. ಏರದಿದ್ದರೆ ಒಂದೋ ಮಾತ್ರೆ ತಪ್ಪುತ್ತಿದೆ, ಇಲ್ಲವೇ ಸೇರುತ್ತಿಲ್ಲ, ಇಲ್ಲವೇ ರಕ್ತ ಎಲ್ಲೋ ಹೋಗುತ್ತಿದೆ. ಏರಿ ಸರಿಯಾದ ಮೇಲೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು, ದಾಸ್ತಾನು ತುಂಬಬೇಕಲ್ವಾ. ಡಿ ಯ ವಾರದ ಕೋರ್ಸ್ ಸಾಮಾನ್ಯವಾಗಿ 8 ವಾರ. ಮುಗಿದ ಮೇಲೆ ಡಾಕ್ಟರು ಏನು ಹೇಳುತ್ತಾರೋ ಅದು. ಹಳೆ ಚೀಟಿ ತೋರಿಸಿ ಮತ್ತೆ ಕೊಳ್ಳಬೇಡಿ. ಮೆಟ್‌ಫಾರ್ಮಿನ್ ತಗೊಳ್ಳುವವರು, ಕಟ್ಟಾ ಸಸ್ಯಾಹಾರಿಗಳು ಬಿ12 ಅನ್ನು ತುಂಬಾ ಕಾಲ ತಗೊಳ್ಳಬೇಕಾಗಬಹುದು. ಅದಕ್ಕೂ ವರ್ಷಕ್ಕೊಮ್ಮೆ ನೋಡಿಸುವ ದಿನ ಇರಲಿ.

ಕೋವಿಡ್ ಕಾಲದಲ್ಲಿ ಶುರು ಮಾಡಿದ 50 ಮಿಲಿಗ್ರಾಂ ಜಿಂಕ್ ಅನ್ನು ಈಗಲೂ ತಗೊಳ್ಳುತ್ತಿರುವವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ದಿನಕ್ಕೆ 40 ಮೀರಿದ ಜಿಂಕ್ ತುಂಬಾ ಕಾಲ ಹೋದರೆ ದೇಹದ ತಾಮ್ರ ಇಳಿಯುತ್ತದೆ, ಅದರಿಂದಲೇ ರಕ್ತಹೀನತೆ ಬರಬಹುದು. ಕೈಕಾಲು ಜೋಮಿಗೆ ಅಂತ ತಗೊಳ್ಳುವ ನರದ ಮಾತ್ರೆಗಳಲ್ಲಿ ಬಿ6 ಜಾಸ್ತಿ ಇರುತ್ತದೆ. ಅದನ್ನು ತಿಂಗಳುಗಟ್ಟಲೆ ತಗೊಂಡರೆ ಅದೇ ಜೋಮು ತರಬಹುದು.

ತಕ್ಷಣ ಕೇಳಬೇಕಾದ ಸಂದರ್ಭಗಳು

ಕೂದಲಿಗೆ ಬಯೋಟಿನ್ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಲ್ಯಾಬಿನವರಿಗೂ ಡಾಕ್ಟರಿಗೂ ಹೇಳಿ. ದಿನಕ್ಕೆ ಬೇಕಾದದ್ದು 40 ಮೈಕ್ರೋಗ್ರಾಂ, ಆ ಮಾತ್ರೆಗಳಲ್ಲಿ 10,000 ಮೈಕ್ರೋಗ್ರಾಂವರೆಗೆ ಇರುತ್ತದೆ. ಅದು ಥೈರಾಯ್ಡ್ ರಿಪೋರ್ಟನ್ನು ತಪ್ಪಾಗಿ ತೋರಿಸಬಹುದು. ಹಾರ್ಟ್ ಅಟ್ಯಾಕ್ ಆಗಿದೆಯಾ ಅಂತ ನೋಡುವ ಟ್ರೋಪೊನಿನ್ ಟೆಸ್ಟನ್ನೂ ತಪ್ಪಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ.

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತಗೊಳ್ಳುವವರು ವಿಟಮಿನ್ ಕೆ ಇರುವ ಯಾವ ಮಾತ್ರೆಯನ್ನೂ ಕೇಳದೆ ಶುರು ಮಾಡಬಾರದು. ಗರ್ಭಿಣಿಯರು ವಿಟಮಿನ್ ಎ ಜಾಸ್ತಿ ಇರುವುದನ್ನು ಮುಟ್ಟಬಾರದು, ಮಗುವಿಗೆ ತೊಂದರೆ. ಬೀಡಿ ಸಿಗರೇಟು ಸೇದುವವರಿಗೆ ದೊಡ್ಡ ಪ್ರಮಾಣದ ಬೀಟಾ ಕ್ಯಾರೊಟಿನ್ (ದೇಹ ವಿಟಮಿನ್ ಎ ಮಾಡಿಕೊಳ್ಳುವ ವಸ್ತು) ಮಾತ್ರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯವನ್ನು ಹೆಚ್ಚಿಸುತ್ತದೆ. ಕಿಡ್ನಿ ತೊಂದರೆ ಇದ್ದವರು ಯಾವುದನ್ನೂ ತಾವಾಗಿ ಶುರು ಮಾಡಬೇಡಿ. ಆಪರೇಷನ್ ಇದ್ದರೆ ಹಾಳೆಯ ಪಟ್ಟಿಯನ್ನು ಪೂರ್ತಿ ಡಾಕ್ಟರಿಗೆ ತೋರಿಸಿ.

ಕಬ್ಬಿಣದ ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಚಾಕಲೇಟಿನ ಹಾಗೆ. ಚಿಕ್ಕ ಮಗು ಒಂದಷ್ಟು ನುಂಗಿದರೆ ಪ್ರಾಣಕ್ಕೇ ಅಪಾಯ. ಮಗು ನುಂಗಿದೆ ಅನ್ನುವ ಅನುಮಾನ ಬಂದರೂ ಸಾಕು, ವಾಂತಿ ಬರಲಿ ಅಂತ ಕಾಯಬೇಡಿ, ಖಾಲಿ ಸ್ಟ್ರಿಪ್ ಹಿಡಿದುಕೊಂಡು ಆಸ್ಪತ್ರೆಗೆ ಓಡಿ.

ಕೊಳ್ಳುವುದು, ಇಡುವುದು

ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಇವಕ್ಕೆ ಜಾಸ್ತಿ ದುಡ್ಡು ಸುರಿಯಬೇಕಾಗಿಲ್ಲ. ಜನೌಷಧಿ ಕೇಂದ್ರಗಳಲ್ಲಿ ಇವು ಕಡಿಮೆ ಬೆಲೆಗೆ ಸಿಗುತ್ತವೆ. ಬಾಂಬೆಯ ಮಳೆಗಾಲದ ತೇವಕ್ಕೆ ಗಮ್ಮಿ, ನೀರಿಗೆ ಹಾಕುವ ಮಾತ್ರೆಗಳು ಬೇಗ ಹಾಳಾಗುತ್ತವೆ. ಒಲೆಯ ಮೇಲಿನ ಕಪಾಟಿನಲ್ಲಿ, ಬಚ್ಚಲಿನಲ್ಲಿ ಇಡಬೇಡಿ. ಡಬ್ಬಿಯೊಳಗಿನ ಸಣ್ಣ ಬಿಳಿ ಪೊಟ್ಟಣವನ್ನು ಬಿಸಾಡಬೇಡಿ, ತೇವ ಹೀರುವುದು ಅದೇ.

ಮನೆಗೆ ತಂದ ಕೂಡಲೇ ಮಾರ್ಕರ್ ಪೆನ್ ತಗೊಂಡು ಡಬ್ಬಿಯ ಮೇಲೆ ನಾಲ್ಕು ವಿಷಯ ಬರೆಯಿರಿ. ಯಾರಿಗೆ, ಯಾತಕ್ಕೆ, ಯಾವ ಹೊತ್ತು, ಯಾವತ್ತಿನವರೆಗೆ. ಓದುವವರ ಭಾಷೆಯಲ್ಲಿ ಬರೆಯಿರಿ. ಊರಿಂದ ಬಂದ ಅಮ್ಮನಿಗೆ ಕನ್ನಡ ಮಾತ್ರ ಬರುವುದಾದರೆ ಕನ್ನಡದಲ್ಲಿ. ಕಣ್ಣು ಮಂಜಾಗಿದ್ದರೆ ದೊಡ್ಡ ಅಕ್ಷರದಲ್ಲಿ. ವಾರಕ್ಕೊಂದರದ್ದಾದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ಭಾನುವಾರಗಳಿಗೆ ಮಾತ್ರ ಗುರುತು ಹಾಕಿ. ಅಷ್ಟೇ ಸ್ಯಾಷೆ ಮನೆಯಲ್ಲಿ ಇರಲಿ, ಒಂದೂ ಜಾಸ್ತಿ ತರಬೇಡಿ.

ನಮ್ಮತ್ತೆಗೆ ಈಗ ಎಪ್ಪತ್ತಮೂರು. ಕಿಡ್ನಿ ಸುಧಾರಿಸಿದೆ. ಮುಟ್ಟಿದ ಪ್ರತಿ ಡಬ್ಬಿಯನ್ನೂ ತಿರುಗಿಸಿ ನೋಡುತ್ತಾರೆ. ಬರೆದಿರದಿದ್ದರೆ ನನ್ನ ಕೈಗೆ ಕೊಟ್ಟು, "ಮೊದಲು ಇದರ ಮೇಲೆ ಬರಿ ಮಗಾ, ಆಮೇಲೆ ತಗೊಳ್ಳುತ್ತೇನೆ" ಅನ್ನುತ್ತಾರೆ.